ಗಾಯಕ್ಕೆ ಔಷಧ, ಹಕ್ಕಿಗೆ ದಾಖಲೆ: ಅಪಘಾತವಾದ ಮೊದಲ ದಿನಗಳಲ್ಲಿ ನಾವು ಮಾಡಬೇಕಾದ್ದು



ಬೆಂಕಿ, ಕಾದ ಎಣ್ಣೆ, ಗ್ಯಾಸ್ ಸಿಲಿಂಡರ್, ಗ್ರೈಂಡರ್, ಒದ್ದೆ ನೆಲ ಮತ್ತು ಅಪರಾತ್ರಿಯ ಟೆಂಪೊ ಪ್ರಯಾಣ ನಮ್ಮ ಕಸುಬಿಗೆ ಅಂಟಿಕೊಂಡೇ ಬಂದವು. ಎಷ್ಟು ಜಾಗ್ರತೆ ವಹಿಸಿದರೂ ಒಂದಲ್ಲ ಒಂದು ದಿನ ಅವಘಡ ಆಗಿಯೇ ಆಗುತ್ತದೆ. ಆದಾಗ ನಮ್ಮಲ್ಲಿ ಹೆಚ್ಚಿನವರು ಮನುಷ್ಯತ್ವ ಬಿಟ್ಟವರಲ್ಲ. ಹುಡುಗನನ್ನು ಆಸ್ಪತ್ರೆಗೆ ಸೇರಿಸುತ್ತೇವೆ, ಬಿಲ್ಲು ಕಟ್ಟುತ್ತೇವೆ, ಊರಿಗೆ ಹೋಗಲು ಖರ್ಚಿಗೆ ಕೊಡುತ್ತೇವೆ. ಆದರೂ ಆರು ತಿಂಗಳ ನಂತರ ಗಾಯಗೊಂಡವನಿಗೆ ಸಿಗಬೇಕಾದ ಪರಿಹಾರ ಸಿಗುವುದಿಲ್ಲ, ಮಾಲಕನ ತಲೆಯ ಮೇಲಿನ ಹೊಣೆಯೂ ಇಳಿಯುವುದಿಲ್ಲ. ಕಾರಣ, ಮೊದಲ ಎರಡು ಮೂರು ದಿನಗಳಲ್ಲಿ ಬರೆಸಿದ, ಅಥವಾ ಬರೆಸದೆ ಬಿಟ್ಟ, ನಾಲ್ಕಾರು ಸಾಲುಗಳು. ಈ ಪಾಠ ಆ ಸಾಲುಗಳ ಬಗ್ಗೆ.

ಆಸ್ಪತ್ರೆಯ ಮೊದಲ ಸಾಲು

ಒಂದು ಉದಾಹರಣೆ ತೆಗೆದುಕೊಳ್ಳೋಣ. ಮದುವೆ ಹಾಲಿನ ಅಡುಗೆಮನೆ, ಬೆಳಗಿನ ಜಾವ 4 ಗಂಟೆ. ಕುದಿಯುವ ಸಾಂಬಾರಿನ ಕೊಳಗ ಇಳಿಸುವಾಗ ಒಬ್ಬ ಸಹಾಯಕ ಜಾರಿ ಬಿದ್ದು ಎರಡೂ ಕೈ ಸುಟ್ಟುಕೊಂಡ. ಆಸ್ಪತ್ರೆಯಲ್ಲಿ ಡಾಕ್ಟರು ‘ಹೇಗಾಯಿತು?’ ಎಂದು ಕೇಳಿದರು. ಜೊತೆಗೆ ಹೋದ ಸೂಪರ್‌ವೈಸರ್ ಪೊಲೀಸ್ ತಾಪತ್ರಯ ಬೇಡವೆಂದು ‘ರೂಮಿನಲ್ಲಿ ಸ್ನಾನದ ಬಿಸಿನೀರು ಮೈಮೇಲೆ ಬಿತ್ತು’ ಎಂದುಬಿಟ್ಟ. ಡಾಕ್ಟರು ಅದನ್ನೇ ಬರೆದರು.

ಕೆಟ್ಟ ಉದ್ದೇಶದಿಂದ ಹೇಳಿದ ಮಾತು ಅದಲ್ಲ. ಆದರೆ ಗಾಯ ಮಾಗಿದ ಮೇಲೆ ಹುಡುಗನ ಬೆರಳುಗಳು ಪೂರ್ತಿ ಮಡಚುವುದಿಲ್ಲ, ಅವನಿಂದ ಮೊದಲಿನ ಕೆಲಸ ಆಗುವುದಿಲ್ಲ ಎಂದು ಗೊತ್ತಾದಾಗ ಏನಾಗುತ್ತದೆ? ಅವನು ಪರಿಹಾರ ಕೇಳಿದರೆ ಎದುರು ಪಕ್ಷದವರು ಮೊದಲು ತೆಗೆದು ತೋರಿಸುವುದು ಅದೇ ಸಾಲನ್ನು. ಮಾಲಕರು ನೌಕರರ ಪರಿಹಾರ ವಿಮೆ ಮಾಡಿಸಿದ್ದರೂ ಇನ್ಶೂರೆನ್ಸ್ ಕಂಪೆನಿ ‘ಇದು ಕೆಲಸದ ವೇಳೆಯ ಅಪಘಾತವಲ್ಲ’ ಎಂದು ಕೈತೊಳೆದುಕೊಳ್ಳುತ್ತದೆ. ಹುಡುಗ ಮುಂದೆ ಸಾಕ್ಷಿ ತಂದು ನಿಜ ಸಾಬೀತು ಮಾಡಿದನೆಂದರೆ ಹಣ ಕಟ್ಟಬೇಕಾದವರು ಮಾಲಕರೇ. ಒಂದು ಸುಳ್ಳು ಇಬ್ಬರನ್ನೂ ಮುಳುಗಿಸಿತು.

ಆದ್ದರಿಂದ ಮೊದಲ ನಿಯಮ: ಆಸ್ಪತ್ರೆಯಲ್ಲಿ ನಡೆದದ್ದನ್ನು ನಡೆದ ಹಾಗೆಯೇ ಹೇಳಬೇಕು. ಯಾವ ದಿನ, ಎಷ್ಟು ಗಂಟೆಗೆ, ಯಾವ ಜಾಗದಲ್ಲಿ, ಯಾರ ಕೆಲಸ ಮಾಡುವಾಗ, ಹೇಗೆ – ಈ ಐದೂ ಕೇಸ್ ಪೇಪರಿನಲ್ಲಿ ಬರಬೇಕು. ರಸ್ತೆ ಅಪಘಾತ, ಸುಟ್ಟಗಾಯದಂಥ ಪ್ರಕರಣಗಳನ್ನು ಆಸ್ಪತ್ರೆಯವರು ಎಂ.ಎಲ್.ಸಿ. ಎಂದು ದಾಖಲಿಸಿ ಪೊಲೀಸರಿಗೆ ತಿಳಿಸುತ್ತಾರೆ. ಅದಕ್ಕೆ ಹೆದರಬೇಕಾಗಿಲ್ಲ. ಆ ಎಂ.ಎಲ್.ಸಿ. ನಂಬರೇ ನಾಳೆ ಹುಡುಗನಿಗೂ ನಿಮಗೂ ಆಧಾರ. ಜೊತೆಗೆ ಹೋದವರಿಗೆ ಮರಾಠಿ, ಹಿಂದಿ ಅಥವಾ ಆ ಊರಿನ ಭಾಷೆ ಸರಿಯಾಗಿ ಬಾರದಿದ್ದರೆ ಬರುವ ಒಬ್ಬರನ್ನು ಕಳಿಸಿ. ಬರೆದದ್ದನ್ನು ಓದಿಸಿ ಕೇಳಿಕೊಳ್ಳಿ. ತಪ್ಪಿದ್ದರೆ ಅಲ್ಲೇ, ಅಂದೇ ತಿದ್ದಿಸಿ.

ಅಡುಗೆಮನೆಯ ಅಪಘಾತಕ್ಕೆ ಯಾವ ಕಾನೂನು?

ಇಲ್ಲಿ ಎರಡು ದಾರಿಗಳಿವೆ.

ಮೊದಲನೆಯದು ಇ.ಎಸ್.ಐ. ಹತ್ತು ಅಥವಾ ಹೆಚ್ಚು ಜನ ಕೆಲಸ ಮಾಡುವ ಸಂಸ್ಥೆಗಳಿಗೆ ಇದು ಅನ್ವಯಿಸುತ್ತದೆ. 2017ರ ಜನವರಿಯಲ್ಲಿ ಸಂಬಳದ ಮಿತಿಯನ್ನು ತಿಂಗಳಿಗೆ 21,000 ರೂಪಾಯಿಗೆ ಏರಿಸಿದರು. 2019ರ ಜುಲೈಯಲ್ಲಿ ವಂತಿಗೆಯನ್ನು ಮಾಲಕರಿಗೆ ಶೇ. 3.25, ನೌಕರರಿಗೆ ಶೇ. 0.75ಕ್ಕೆ ಇಳಿಸಿದರು. ಕೆಲಸದಲ್ಲಿ ಗಾಯಗೊಂಡು ಮನೆಯಲ್ಲಿರಬೇಕಾದ ಅವಧಿಗೆ ಸಂಬಳದ ಸುಮಾರು ಶೇ. 90ರಷ್ಟು ಭತ್ಯೆ, ಶಾಶ್ವತ ಊನವಾದರೆ ಜೀವನ ಪರ್ಯಂತ ಮಾಸಿಕ ಹಣ, ಜೊತೆಗೆ ಚಿಕಿತ್ಸೆ ಸಿಗುತ್ತದೆ. ಇ.ಎಸ್.ಐ.ಗೆ ಒಳಪಟ್ಟ ನೌಕರ ಅದೇ ಗಾಯಕ್ಕೆ ಮಾಲಕರಿಂದ ಪ್ರತ್ಯೇಕ ಪರಿಹಾರ ಕೇಳುವಂತಿಲ್ಲ. ಅಂದರೆ ತಿಂಗಳ ಸಣ್ಣ ವಂತಿಗೆ ಮಾಲಕರಿಗೂ ದೊಡ್ಡ ರಕ್ಷಣೆ. ಅಪಘಾತವಾದ ಕೂಡಲೇ ಅಪಘಾತ ವರದಿ ಸಲ್ಲಿಸುವುದು ಮಾತ್ರ ಮಾಲಕರದೇ ಜವಾಬ್ದಾರಿ.

ಎರಡನೆಯದು, ಇ.ಎಸ್.ಐ. ಇಲ್ಲದವರಿಗೆ ನೌಕರರ ಪರಿಹಾರ. ನಮ್ಮ ಹಿರಿಯರು ‘ವರ್ಕ್‌ಮೆನ್ ಕಾಂಪೆನ್ಸೇಶನ್’ ಎನ್ನುತ್ತಿದ್ದ 1923ರ ಕಾಯ್ದೆಗೆ 2010ರಲ್ಲಿ ನೌಕರರ ಪರಿಹಾರ ಕಾಯ್ದೆ ಎಂದು ಹೆಸರು ಬದಲಾಯಿತು. 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ, 2020 ಜಾರಿಗೆ ಬಂದು ಈ ಕಾಯ್ದೆಯೂ ಇ.ಎಸ್.ಐ. ಕಾಯ್ದೆಯೂ ಅದರೊಳಗೆ ಸೇರಿದವು. ಹೆಸರು ಬದಲಾದರೂ ಮೂಲ ತತ್ವ ಅದೇ: ಕೆಲಸದ ಕಾರಣದಿಂದ, ಕೆಲಸದ ವೇಳೆಯಲ್ಲಿ ಗಾಯವಾದರೆ ಮಾಲಕರು ಪರಿಹಾರ ಕೊಡಬೇಕು. ಮಾಲಕರ ತಪ್ಪಿದೆಯೇ ಎಂಬ ಪ್ರಶ್ನೆ ಇಲ್ಲ. ‘ಅವನೇ ಅಜಾಗ್ರತೆಯಿಂದ ಕೈ ಹಾಕಿದ’ ಎಂಬ ಉತ್ತರ ನಡೆಯುವುದಿಲ್ಲ. ಕುಡಿದಿದ್ದ, ಅಥವಾ ಸುರಕ್ಷತೆಗಾಗಿ ಕೊಟ್ಟ ಸ್ಪಷ್ಟ ಆದೇಶವನ್ನು ಬೇಕೆಂದೇ ಮೀರಿದ ಎಂಬ ವಾದಕ್ಕೆ ಸ್ವಲ್ಪ ಜಾಗವಿದೆ. ಆದರೆ ಸಾವು ಅಥವಾ ಶಾಶ್ವತ ಪೂರ್ಣ ಊನ ಸಂಭವಿಸಿದಾಗ ಅದೂ ನಡೆಯುವುದಿಲ್ಲ.

‘ನನ್ನ ಹುಡುಗರು ಕಾಯಂ ಅಲ್ಲ, ಫಂಕ್ಷನ್ ಲೆಕ್ಕಕ್ಕೆ ಬರುವವರು’ ಎಂದು ಕೆಲವರು ಹೇಳುವುದುಂಟು. ತಾತ್ಕಾಲಿಕ ಕೆಲಸಗಾರ ಎಂಬ ಕಾರಣಕ್ಕೆ ಹೊರಗಿಡುವ ಅವಕಾಶವನ್ನು 2000ದ ತಿದ್ದುಪಡಿಯಲ್ಲೇ ತೆಗೆದುಹಾಕಲಾಗಿದೆ. ಬಡಿಸುವ ಹುಡುಗರನ್ನು ಸಪ್ಲೈ ಮಾಡುವವರ ಮೂಲಕ ಕರೆಸಿದರೂ, ನಿಮ್ಮ ಕಸುಬಿನ ಕೆಲಸವನ್ನೇ ಅವರು ಮಾಡುತ್ತಿರುವುದರಿಂದ, ಗಾಯಾಳು ನೇರವಾಗಿ ನಿಮ್ಮಿಂದಲೇ ಕೇಳಬಹುದು. ನೀವು ಕೊಟ್ಟು, ಆಮೇಲೆ ಸಪ್ಲೈ ಮಾಡಿದವರಿಂದ ವಸೂಲು ಮಾಡಿಕೊಳ್ಳಬೇಕು.

ಲೆಕ್ಕ ಹಾಕುವ ರೀತಿ

30 ವರ್ಷದ ಅಡುಗೆಯವರ ತಿಂಗಳ ಸಂಬಳ 12,000 ರೂಪಾಯಿ ಎಂದಿಟ್ಟುಕೊಳ್ಳಿ. ಆ ವಯಸ್ಸಿಗೆ ಕಾನೂನಿನ ಪಟ್ಟಿಯಲ್ಲಿರುವ ಗುಣಕ ಸಂಖ್ಯೆ 207.98.

ಸಾವು ಸಂಭವಿಸಿದರೆ ಸಂಬಳದ ಅರ್ಧ, ಅಂದರೆ 6,000ವನ್ನು 207.98ರಿಂದ ಗುಣಿಸಿದರೆ 12,47,880 ರೂಪಾಯಿ.

ಶಾಶ್ವತ ಪೂರ್ಣ ಊನವಾದರೆ ಸಂಬಳದ ಶೇ. 60, ಅಂದರೆ 7,200ವನ್ನು ಗುಣಿಸಿದರೆ 14,97,456 ರೂಪಾಯಿ.

ಗ್ರೈಂಡರಿಗೆ ಸಿಕ್ಕಿ ಹೆಬ್ಬೆರಳು ಹೋದರೆ ಪಟ್ಟಿಯ ಪ್ರಕಾರ ಗಳಿಕೆ ಶಕ್ತಿಯ ನಷ್ಟ ಶೇ. 30. ಮೇಲಿನ ಮೊತ್ತದ ಶೇ. 30 ಎಂದರೆ ಸುಮಾರು 4 ಲಕ್ಷ 49 ಸಾವಿರ ರೂಪಾಯಿ.

ಸುಟ್ಟಗಾಯದಂಥವು ಪಟ್ಟಿಯಲ್ಲಿಲ್ಲ. ಅಲ್ಲಿ ವೈದ್ಯರು ಎಷ್ಟು ಗಳಿಕೆ ಶಕ್ತಿ ಹೋಗಿದೆ ಎಂದು ಪ್ರಮಾಣಪತ್ರ ಕೊಡಬೇಕು. ಚಿಕಿತ್ಸೆಯ ಖರ್ಚು ಇದಕ್ಕೆ ಹೊರತಾದದ್ದು. ಆಸ್ಪತ್ರೆಗೆ ಎಷ್ಟೇ ಕಟ್ಟಿದ್ದರೂ ಅದನ್ನು ಪರಿಹಾರದಲ್ಲಿ ಮುರಿದುಕೊಳ್ಳಲು ಬರುವುದಿಲ್ಲ. ಕೊಡಬೇಕಾದ ದಿನದಿಂದ ಒಂದು ತಿಂಗಳೊಳಗೆ ಕೊಡದಿದ್ದರೆ ವರ್ಷಕ್ಕೆ ಶೇ. 12 ಬಡ್ಡಿ, ವಿಳಂಬಕ್ಕೆ ಸರಿಯಾದ ಕಾರಣವಿಲ್ಲದಿದ್ದರೆ ಅದರ ಮೇಲೆ ಶೇ. 50ರ ತನಕ ದಂಡ.

ಈ ಲೆಕ್ಕದಲ್ಲಿ ಎರಡು ಅಂಕಿಗಳೇ ಪ್ರಾಣ: ವಯಸ್ಸು ಮತ್ತು ಸಂಬಳ. ವಯಸ್ಸಿಗೆ ಪುರಾವೆ ಇಲ್ಲ, ಸಂಬಳ ಪುಸ್ತಕದಲ್ಲಿಲ್ಲ ಎಂದಾದರೆ ಕೋರ್ಟು ಕನಿಷ್ಠ ವೇತನ ಹಿಡಿದು ಲೆಕ್ಕ ಹಾಕುವ ಸಂಭವವೇ ಹೆಚ್ಚು. 18,000 ಪಡೆಯುತ್ತಿದ್ದ ಭಟ್ಟರಿಗೆ ಅದರಿಂದ ಆಗುವ ನಷ್ಟವನ್ನು ನೀವೇ ಊಹಿಸಿ. ವಿಮೆಯಲ್ಲಿ ಆರು ಜನರನ್ನು ತೋರಿಸಿ ಇಪ್ಪತ್ತು ಜನರಿಂದ ಕೆಲಸ ಮಾಡಿಸಿದರೂ ಇದೇ ಗತಿ. ಸೀಸನ್ನಿನಲ್ಲಿ ಹೆಚ್ಚಾಗುವ ಹುಡುಗರ ಲೆಕ್ಕವನ್ನು ಏಜೆಂಟರಿಗೆ ಮೊದಲೇ ಬರೆದು ಕೊಡಿ.

ಕೈಯಲ್ಲಿ ಕೊಟ್ಟ ಹಣ ಲೆಕ್ಕಕ್ಕಿಲ್ಲ

ಇದು ಒಳ್ಳೆಯ ಮಾಲಕರೇ ಎಡವುವ ಜಾಗ. ಹುಡುಗ ತೀರಿಕೊಂಡಾಗ ಊರಿಗೆ ಹೋಗಿ, ನಾಲ್ಕು ಜನ ಹಿರಿಯರನ್ನು ಕೂರಿಸಿ, ಮನೆಯವರ ಕೈಗೆ ಎರಡೋ ಮೂರೋ ಲಕ್ಷ ಕೊಟ್ಟು, ಛಾಪಾ ಕಾಗದದ ಮೇಲೆ ‘ಇನ್ನೇನೂ ಬಾಕಿ ಇಲ್ಲ’ ಎಂದು ಸಹಿ ಮಾಡಿಸಿಕೊಂಡು ಬರುತ್ತಾರೆ. ಕಾನೂನಿನ ಕಣ್ಣಿನಲ್ಲಿ ಆ ಕಾಗದಕ್ಕೆ ಬೆಲೆ ಇಲ್ಲ. ಸಾವಿನ ಪರಿಹಾರವನ್ನು ಪರಿಹಾರ ಅಧಿಕಾರಿಯ ಬಳಿಯೇ ಠೇವಣಿ ಇಡಬೇಕು. ಮೂರು ತಿಂಗಳ ಸಂಬಳದಷ್ಟನ್ನು ಮಾತ್ರ ಅವಲಂಬಿತರಿಗೆ ಮುಂಗಡವಾಗಿ ಕೊಟ್ಟು ಆಮೇಲೆ ಲೆಕ್ಕಕ್ಕೆ ತೆಗೆದುಕೊಳ್ಳಬಹುದು. ಬದುಕುಳಿದ ಗಾಯಾಳುವಿನ ಜೊತೆ ರಾಜಿಯಾದರೂ ಅದನ್ನು ಅಧಿಕಾರಿಯ ಮುಂದೆ ನೋಂದಾಯಿಸಬೇಕು. ತನ್ನ ಪರಿಹಾರದ ಹಕ್ಕನ್ನು ಬಿಟ್ಟುಕೊಡುತ್ತೇನೆಂದು ನೌಕರ ಬರೆದುಕೊಟ್ಟ ಕರಾರು ಊರ್ಜಿತವಲ್ಲ.

ಕರುಣೆಯಿಂದ ಕೊಡುವುದನ್ನು ಕೊಡಿ, ಯಾರೂ ಬೇಡ ಎನ್ನುವುದಿಲ್ಲ. ಆದರೆ ಕಾನೂನಿನಂತೆ ಕೊಡಬೇಕಾದ್ದು ಅದರಿಂದ ತೀರಿತು ಎಂದು ತಿಳಿಯಬೇಡಿ.

ರಸ್ತೆಯಲ್ಲಿ ಆದರೆ

ರಾತ್ರಿ 2 ಗಂಟೆಗೆ ಪಾತ್ರೆ ಪಗಡಿ ತುಂಬಿಕೊಂಡು ಮರಳುವಾಗ ಟೆಂಪೊಗೆ ಲಾರಿ ಗುದ್ದಿತೆನ್ನಿ. ಮೊದಲು 112ಕ್ಕೆ ಫೋನ್ ಮಾಡಿ. 2025ರ ಮೇಯಲ್ಲಿ ಪ್ರಕಟವಾದ ಕೇಂದ್ರದ ಯೋಜನೆಯಂತೆ ರಸ್ತೆ ಅಪಘಾತದ ಗಾಯಾಳುಗಳಿಗೆ ನಿಗದಿತ ಆಸ್ಪತ್ರೆಗಳಲ್ಲಿ ಮೊದಲ 7 ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿಯ ತನಕ ನಗದುರಹಿತ ಚಿಕಿತ್ಸೆ ಇದೆ. ಆಸ್ಪತ್ರೆಯಲ್ಲಿ ಇದನ್ನು ಕೇಳಿ ಪಡೆಯಬೇಕು.

ಗುದ್ದಿದ ವಾಹನದ ನಂಬರು, ಎರಡೂ ವಾಹನಗಳು ನಿಂತ ರೀತಿ, ರಸ್ತೆಯ ಗುರುತುಗಳು – ವಾಹನ ಸರಿಸುವ ಮೊದಲು ಮೊಬೈಲಿನಲ್ಲಿ ಫೋಟೋ ತೆಗೆಯಿರಿ. ನೋಡಿದವರ ಹೆಸರು, ಫೋನ್ ನಂಬರ್ ಬರೆದುಕೊಳ್ಳಿ. ಎಫ್.ಐ.ಆರ್. ಆಗಲೇಬೇಕು. ಬೇರೆ ಠಾಣೆಯ ಸರಹದ್ದಾದರೂ ದೂರು ಸ್ವೀಕರಿಸಬೇಕೆಂದು 2024ರ ಜುಲೈ 1ರಿಂದ ಜಾರಿಯಾದ ಹೊಸ ಸಂಹಿತೆ ಹೇಳುತ್ತದೆ. ಪೊಲೀಸರು 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನೂ 90 ದಿನದೊಳಗೆ ವಿವರ ವರದಿಯನ್ನೂ ಮೋಟಾರು ಅಪಘಾತ ಪರಿಹಾರ ಟ್ರಿಬ್ಯೂನಲ್‌ಗೆ ಕಳಿಸಬೇಕೆಂಬ ನಿಯಮ 2022ರಿಂದ ಇದೆ. ಅದರ ಪ್ರತಿ ಕೇಳಿ ಪಡೆಯಿರಿ.

ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೂ ಕೈಚೆಲ್ಲಬೇಡಿ. 2022ರ ಏಪ್ರಿಲಿನಿಂದ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಕೊಡುವ ಸರಕಾರಿ ಯೋಜನೆ ಇದೆ.

ಟೆಂಪೊದ ಹಿಂದೆ ಕುಳಿತವರು

ಇದನ್ನು ಎಲ್ಲರೂ ಗಮನವಿಟ್ಟು ಓದಬೇಕು. ನಾವು ಬಾಡಿಗೆ ಟೆಂಪೊದಲ್ಲಿ ಕೊಳಗ, ಬಾಣಲೆ, ಸಿಲಿಂಡರುಗಳ ನಡುವೆ ಹತ್ತು ಹುಡುಗರನ್ನು ಕೂರಿಸಿ ಕಳಿಸುತ್ತೇವೆ. ಸರಕು ವಾಹನದಲ್ಲಿ ಸುಮ್ಮನೆ ಪ್ರಯಾಣಿಸುವವರಿಗೆ ಆ ವಾಹನದ ವಿಮೆ ಹೊಣೆಯಲ್ಲವೆಂದು ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ವಾಹನ ಮಾಲಕನ ನೌಕರರಿಗೆ, ಸರಕಿನ ಯಜಮಾನ ಅಥವಾ ಅವನ ಪ್ರತಿನಿಧಿಗೆ ರಕ್ಷಣೆ ಇದೆ. ಆದರೆ ಹಿಂದೆ ಕುಳಿತ ಹತ್ತು ಮಂದಿಯನ್ನೂ ‘ಪ್ರತಿನಿಧಿ’ ಎಂದರೆ ಯಾರೂ ಒಪ್ಪುವುದಿಲ್ಲ. ತಪ್ಪು ಎದುರಿನ ಲಾರಿಯದಾದರೆ ಅದರ ವಿಮೆಯಿಂದ ಕೇಳಬಹುದು. ಟೆಂಪೊ ತಾನೇ ಮಗುಚಿ ಬಿದ್ದರೆ ಹುಡುಗರ ಹಕ್ಕಿಗೆ ದೊಡ್ಡ ಕುತ್ತು, ಮತ್ತು ಹೊಣೆ ತಿರುಗಿ ನಿಮ್ಮ ಬಾಗಿಲಿಗೇ ಬರುತ್ತದೆ.

ಪರಿಹಾರ ಸುಲಭ. ಪಾತ್ರೆಗಳು ಟೆಂಪೊದಲ್ಲಿ ಬರಲಿ, ಹುಡುಗರು ಪ್ರಯಾಣಿಕರ ವಾಹನದಲ್ಲಿ ಬರಲಿ. ಆ ಖರ್ಚನ್ನು ಎಸ್ಟಿಮೇಟಿನಲ್ಲೇ ಸೇರಿಸಿ.

ಎಲ್ಲಿ, ಎಷ್ಟು ದಿನದೊಳಗೆ?

ನೌಕರರ ಪರಿಹಾರದ ಅರ್ಜಿಗೆ ಎರಡು ವರ್ಷ ಕಾಲಾವಕಾಶ. ಮೋಟಾರು ಅಪಘಾತದ ಅರ್ಜಿಗೆ ಮಾತ್ರ, 2022ರ ಏಪ್ರಿಲ್ 1ರಿಂದ, ಆರೇ ತಿಂಗಳು. ಈ ಆರು ತಿಂಗಳ ಮಿತಿಯನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಲಾಗಿದ್ದು, ತಡವಾಯಿತೆಂಬ ಕಾರಣಕ್ಕೆ ಅರ್ಜಿಗಳನ್ನು ವಜಾ ಮಾಡಬಾರದೆಂದು 2025ರ ನವೆಂಬರಿನಲ್ಲಿ ಕೋರ್ಟು ಮಧ್ಯಂತರ ಆದೇಶ ನೀಡಿತು. ಅದನ್ನು ನಂಬಿ ಕೂರುವುದು ಜಾಣತನವಲ್ಲ. ಆರು ತಿಂಗಳೊಳಗೆ ಅರ್ಜಿ ಹಾಕಿಬಿಡಿ. ಗಾಯ ಪೂರ್ತಿ ವಾಸಿಯಾಗಲಿ ಎಂದು ಕಾಯಬೇಕಾಗಿಲ್ಲ. ಊನದ ಪ್ರಮಾಣಪತ್ರವನ್ನು ಆಮೇಲೂ ಕೊಡಬಹುದು.

ಕೆಲಸದ ಪ್ರಯಾಣದಲ್ಲೇ ರಸ್ತೆ ಅಪಘಾತವಾದರೆ ಟ್ರಿಬ್ಯೂನಲ್ ಅಥವಾ ನೌಕರರ ಪರಿಹಾರ, ಎರಡರಲ್ಲಿ ಒಂದನ್ನು ಆರಿಸಬೇಕು. ಎರಡೂ ಸಿಗುವುದಿಲ್ಲ. ತಪ್ಪು ಯಾರದು, ವಿಮೆ ಯಾವುದು ಎಂದು ನೋಡಿ, ವಕೀಲರನ್ನು ಕೇಳಿ ಆರಿಸಿ.

ಪರವೂರಿನಲ್ಲಿ ದುಡಿಯುವ ನಮ್ಮವರಿಗೆ ಒಂದು ಸಮಾಧಾನದ ವಿಷಯ: ಅಪಘಾತವಾದ ಊರಿನಲ್ಲೇ ಅರ್ಜಿ ಹಾಕಬೇಕೆಂದಿಲ್ಲ. ಮುಂಬಯಿಯಲ್ಲೋ ಪುಣೆಯಲ್ಲೋ ಗಾಯಗೊಂಡು ಕುಂದಾಪುರದ ಮನೆಗೆ ಮರಳಿದವನು ತಾನು ವಾಸಿಸುವ ಪ್ರದೇಶದ ಟ್ರಿಬ್ಯೂನಲ್‌ನಲ್ಲೇ ಅರ್ಜಿ ಹಾಕಬಹುದು. ನೌಕರರ ಪರಿಹಾರಕ್ಕೂ ಇದೇ ಅನುಕೂಲವಿದೆ. ಮಹಿಳೆಯರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕಡಿಮೆ ಆದಾಯದವರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗುತ್ತಾರೆ.

ಜೋಪಾನ ಮಾಡಬೇಕಾದ ಕಾಗದಗಳು

ಒಂದು ಪ್ಲಾಸ್ಟಿಕ್ ಫೈಲ್ ತೆಗೆದುಕೊಂಡು ಮೊದಲ ದಿನದಿಂದಲೇ ಇವನ್ನು ಸೇರಿಸುತ್ತಾ ಹೋಗಿ:

1. ಆಸ್ಪತ್ರೆಯ ಕೇಸ್ ಪೇಪರ್, ಎಂ.ಎಲ್.ಸಿ. ನಂಬರ್, ಡಿಸ್ಚಾರ್ಜ್ ಕಾರ್ಡ್.
2. ಎಕ್ಸ್‌ರೇ, ಸ್ಕ್ಯಾನ್, ಔಷಧದ ಚೀಟಿ ಮತ್ತು ಅದಕ್ಕೆ ಹೊಂದುವ ಬಿಲ್ಲು. ಮೂಲ ಬಿಲ್ಲುಗಳನ್ನು ಮೆಡಿಕ್ಲೇಮ್‌ಗೆ ಕೊಡಬೇಕಾದರೆ ಮೊದಲು ದೃಢೀಕರಿಸಿದ ಪ್ರತಿ ಮಾಡಿಸಿಕೊಳ್ಳಿ.
3. ಎಫ್.ಐ.ಆರ್., ಪಂಚನಾಮೆ, ವಾಹನದ ಆರ್.ಸಿ., ವಿಮೆ, ಚಾಲಕರ ಲೈಸೆನ್ಸ್ ಪ್ರತಿಗಳು.
4. ಗಾಯದ ಫೋಟೋ – ಮೊದಲ ದಿನ, ನಂತರ ವಾರಕ್ಕೊಂದು.
5. ಅಂದಿನ ಹಾಜರಿ ಪುಸ್ತಕದ ಪುಟ, ಫಂಕ್ಷನ್ನಿನ ಆರ್ಡರ್ ಕಾಗದ, ಸಂಬಳ ಕೊಟ್ಟ ದಾಖಲೆ. ಸಂಬಳ ಬ್ಯಾಂಕ್ ಮೂಲಕ ಹೋದರೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇರೆ ಇಲ್ಲ.
6. ವಯಸ್ಸಿನ ಪುರಾವೆ. ಕೆಲಸಕ್ಕೆ ಸೇರುವ ದಿನವೇ ಆಧಾರ್ ಪ್ರತಿ ಪಡೆದಿಡಿ.
7. ಆಸ್ಪತ್ರೆಗೆ ಹೋಗಿಬಂದ ರಿಕ್ಷಾ ಖರ್ಚು, ಜೊತೆಗಿದ್ದವರ ಖರ್ಚು, ರಜೆಯ ದಿನಗಳ ಲೆಕ್ಕ.
8. ಡಾಕ್ಟರು ಹೇಳಿದ ದಿನ ತಪ್ಪದೆ ಹೋದ ಫಾಲೋ-ಅಪ್ ಚೀಟಿಗಳು. ಚಿಕಿತ್ಸೆ ಮಧ್ಯದಲ್ಲಿ ಬಿಟ್ಟರೆ ‘ಗಾಯ ಅಷ್ಟು ದೊಡ್ಡದಲ್ಲ’ ಎಂದು ಎದುರು ಪಕ್ಷ ವಾದಿಸುತ್ತದೆ.
9. ಸರಕಾರಿ ಆಸ್ಪತ್ರೆಯ ಊನದ ಪ್ರಮಾಣಪತ್ರ.

ಕೊನೆಯದರ ಬಗ್ಗೆ ಒಂದು ಮಾತು. ಕೈಗೆ ಶೇ. 30 ಊನ ಎಂದು ಡಾಕ್ಟರು ಬರೆದರೆ ಗಳಿಕೆಯ ನಷ್ಟವೂ ಶೇ. 30 ಎಂದೇ ಅರ್ಥವಲ್ಲ. ಗಾಯಾಳು ಯಾವ ಕಸುಬಿನವನು, ಆ ಊನದಿಂದ ಅವನ ಕಸುಬಿಗೆ ಎಷ್ಟು ಪೆಟ್ಟು ಬಿತ್ತು ಎಂದು ನೋಡಬೇಕೆಂದು ಸುಪ್ರೀಂ ಕೋರ್ಟು 2010ರ ತೀರ್ಪಿನಲ್ಲಿ ಹೇಳಿದೆ. ಗುಮಾಸ್ತನಿಗೂ ಜಾರ ಹಿಡಿದು ಬಾಣಲೆಯ ಮುಂದೆ ನಿಲ್ಲುವ ಭಟ್ಟರಿಗೂ ಬಲಗೈ ಒಂದೇ ಅಲ್ಲ. ಆದ್ದರಿಂದ ಇವರು ಏನು ಕೆಲಸ ಮಾಡುತ್ತಿದ್ದರು, ಈಗ ಯಾವುದು ಆಗುವುದಿಲ್ಲ ಎಂದು ಮಾಲಕರು ಒಂದು ಪತ್ರ ಬರೆದುಕೊಟ್ಟರೆ ಅದು ಬಹಳ ಉಪಕಾರ.

ಸಹಿ ಮಾಡುವ ಮೊದಲು

ಆಸ್ಪತ್ರೆಯ ಹಾಸಿಗೆಯ ಬಳಿ ಬಂದು ಕಾಗದ ಮುಂದೆ ಹಿಡಿಯುವವರು ಇರುತ್ತಾರೆ. ಖಾಲಿ ಕಾಗದಕ್ಕೆ, ಓದಲು ಬಾರದ ಭಾಷೆಯ ಕಾಗದಕ್ಕೆ, ‘ಪೂರ್ಣ ಮತ್ತು ಅಂತಿಮ’ ಎಂದಿರುವ ಕಾಗದಕ್ಕೆ ಸಹಿ ಮಾಡಬಾರದು. ಮೋಟಾರು ಅಪಘಾತದಲ್ಲಿ ಯಾರ ತಪ್ಪು ಎಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ಪಡೆಯುವ ದಾರಿ 2022ರ ಏಪ್ರಿಲಿನಿಂದ ಇದೆ. ಬೇಗ ಸಿಗುವ ಹಣ ನಿಜ. ಆದರೆ ಅದನ್ನು ಒಪ್ಪಿಕೊಂಡರೆ ಹೆಚ್ಚಿನ ಪರಿಹಾರಕ್ಕೆ ಟ್ರಿಬ್ಯೂನಲ್‌ನಲ್ಲಿ ಹಾಕಿದ ಅರ್ಜಿ ಅಲ್ಲಿಗೇ ಮುಗಿಯುತ್ತದೆ. ಸಣ್ಣ ಗಾಯವಾದರೆ ಸರಿ. ಕೈಕಾಲು ಹೋದ ಯುವಕನಿಗೆ ಅದು ನಷ್ಟದ ವ್ಯಾಪಾರ.

ಬಂಧುಗಳೇ, ನಾವು ಎಲೆಯ ಮುಂದೆ ಕುಳಿತ ಅತಿಥಿಗೆ ಉಪ್ಪಿನಿಂದ ಪಾಯಸದ ತನಕ ಕ್ರಮ ತಪ್ಪದೆ ಬಡಿಸುವವರು. ಅದೇ ಕ್ರಮವನ್ನು ನಮಗಾಗಿ ದುಡಿಯುವವರ ಕಾಗದಪತ್ರಗಳಲ್ಲೂ ಇಟ್ಟುಕೊಂಡರೆ ಸಾಕು. ಮುಂದಿನ ಸೀಸನ್ ಶುರುವಾಗುವ ಮೊದಲು ಮೂರು ಕೆಲಸ ಮಾಡಿ: ಹಾಜರಿ ಮತ್ತು ಸಂಬಳ ಪುಸ್ತಕ ಸರಿಪಡಿಸಿ, ಇ.ಎಸ್.ಐ. ಅಥವಾ ವಿಮೆ ಎಲ್ಲರಿಗೂ ಇದೆಯೇ ನೋಡಿ, ಸೂಪರ್‌ವೈಸರುಗಳನ್ನು ಕೂರಿಸಿ ‘ಆಸ್ಪತ್ರೆಯಲ್ಲಿ ನಿಜವನ್ನೇ ಹೇಳಿ’ ಎಂದು ತಿಳಿಸಿ. ಮೊದಲೆರಡಕ್ಕೆ ಸ್ವಲ್ಪ ಖರ್ಚಿದೆ. ಮೂರನೆಯದಕ್ಕೆ ಒಂದು ಪೈಸೆಯೂ ಬೇಡ.